ದೊಡ್ಡವರ ಚಿತ್ರಕಲೆ ತರಗತಿ: ಏನು ಕೊಳ್ಳಬೇಕು, ಏನು ಬೇಡ

"ಮುಂದಿನ ವಾರದಿಂದ ಡ್ರಾಯಿಂಗ್ ಕ್ಲಾಸಿಗೆ ಸೇರ್ತಾ ಇದೀನಿ, ಏನೇನು ತಗೊಳ್ಳಲಿ?" ತಿಂಗಳಿಗೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ತಾಯಂದಿರಿದ್ದಾರೆ. ಶನಿವಾರವಾದರೂ ಲ್ಯಾಪ್‌ಟಾಪ್ ಮುಚ್ಚಿಡಬೇಕು ಅಂತ ಹಟ ಹಿಡಿದ ಹುಡುಗರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ದೊಡ್ಡವರಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ. ನಮ್ಮ ಸ್ಟೇಷನರಿ ಅಂಗಡಿಗಳು ನಡೆಯುವುದೇ ಶಾಲೆ ಮಕ್ಕಳಿಂದ. ನೀವು ಬಣ್ಣ ಕೇಳಿದ ತಕ್ಷಣ ಅಂಗಡಿಯವರು "ಮಗು ಯಾವ ಕ್ಲಾಸು?" ಅನ್ನುತ್ತಾರೆ. ನಾಚಿಕೊಂಡು ನೀವು "ಐದನೇ ಕ್ಲಾಸು" ಅಂದುಬಿಟ್ಟರೆ ಮುಗಿಯಿತು. ಪೋಸ್ಟರ್ ಕಲರ್, ಸ್ಕೆಚ್ ಪೆನ್, ತೆಳ್ಳನೆಯ ಡ್ರಾಯಿಂಗ್ ಬುಕ್ಕು ಚೀಲಕ್ಕೆ ಬೀಳುತ್ತವೆ. ಆನ್‌ಲೈನಿಗೆ ಹೋದರೆ ಇನ್ನೊಂದು ಅತಿ: ಎಪ್ಪತ್ತು ಎಂಬತ್ತು ಸಾಮಾನಿನ 'ಪ್ರೊಫೆಷನಲ್ ಕಿಟ್'. ಎರಡರಲ್ಲೂ ದುಡ್ಡು ದಂಡ.

ನಾನೂ ಮೊದಲ ಸಲ 48 ಟ್ಯೂಬಿನ ಜಲವರ್ಣದ ಡಬ್ಬಿಯನ್ನೇ ತಂದವನು. ವರ್ಷ ಕಳೆದು ನೋಡಿದರೆ ಖಾಲಿಯಾಗಿದ್ದು ಐದು. ಉಳಿದವು ಕಲ್ಲಾಗಿದ್ದವು. ಅದೇ ವರ್ಷ ಮೂವತ್ತು ರೂಪಾಯಿಯ ಡ್ರಾಯಿಂಗ್ ಬುಕ್ಕಿನ ಮೇಲೆ ಆ ಬಣ್ಣ ಹಾಕಿ ಹಾಕಿ, ನನಗೆ ಈ ಜನ್ಮದಲ್ಲಿ ಜಲವರ್ಣ ಬರುವುದಿಲ್ಲ ಅಂತ ತೀರ್ಮಾನಿಸಿಬಿಟ್ಟಿದ್ದೆ. ಕೆಟ್ಟದಾಗಿದ್ದದ್ದು ಕಾಗದ, ಕೈಯಲ್ಲ. ಕೆಳಗೆ ನಾನು ಕಾಗದಕ್ಕೆ ಇಷ್ಟು ಜಾಗ ಕೊಟ್ಟಿರುವುದಕ್ಕೆ ಅದೇ ಕಾರಣ.

1. ಮೊದಲು ಟೀಚರಿಗೆ ಒಂದು ಫೋನ್

ಅಂಗಡಿಗೆ ಹೋಗುವ ಮೊದಲು ಇಷ್ಟು ಕೇಳಿಕೊಳ್ಳಿ: ಮೊದಲ ತಿಂಗಳು ಯಾವ ಮಾಧ್ಯಮ? ಮಾಧ್ಯಮ ಅಂದರೆ ಯಾವುದರಿಂದ ಚಿತ್ರ ಮಾಡುತ್ತೀರಿ ಅನ್ನುವುದು: ಪೆನ್ಸಿಲ್, ಇದ್ದಿಲು, ಜಲವರ್ಣ, ಅಕ್ರಿಲಿಕ್, ತೈಲವರ್ಣ. ಕಾಗದದ ಅಳತೆ ಎ4 ಸಾಕೋ ಎ3 ಬೇಕೋ? ಬೋರ್ಡು, ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡು) ತರಗತಿಯಲ್ಲೇ ಇವೆಯೋ? ಶುಲ್ಕದಲ್ಲಿ ಸಾಮಾನು ಸೇರಿದೆಯೋ?

ಹೆಚ್ಚಿನ ತರಗತಿಗಳು ಪೆನ್ಸಿಲ್‌ನಿಂದಲೇ ಶುರುವಾಗುತ್ತವೆ. ನಾಲ್ಕರಿಂದ ಎಂಟು ವಾರ ನೀವು ಬಣ್ಣ ಮುಟ್ಟದೇ ಇರಬಹುದು. ಹಾಗಿರುವಾಗ ಮೊದಲ ದಿನವೇ ಬಣ್ಣ ಕೊಂಡು ಏನು ಮಾಡುತ್ತೀರಿ?

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರದ ತರಗತಿಗೆ ಸೇರುತ್ತಿದ್ದರೆ ಈ ಲೇಖನ ನಿಮಗೆ ಅರ್ಧ ಮಾತ್ರ ಉಪಯೋಗ. ಅಲ್ಲಿ ಚಿನ್ನದ ಹಾಳೆ, ಗೆಸ್ಸೋ (ಉಬ್ಬು ಬರುವಂತೆ ಹಚ್ಚುವ ಲೇಪ) ಕೆಲಸ, ಬೋರ್ಡು ಸಿದ್ಧ ಮಾಡುವ ರೀತಿ ಎಲ್ಲ ಬೇರೆ. ಒಬ್ಬೊಬ್ಬ ಗುರುಗಳ ಕ್ರಮವೂ ಬೇರೆ. ಅವರು ಕೊಟ್ಟ ಪಟ್ಟಿಯನ್ನು ಬಿಟ್ಟು ಏನನ್ನೂ ತರಬೇಡಿ.

2. ದುಡ್ಡು ಹಂಚಿಕೊಳ್ಳಿ

ನನ್ನ ಲೆಕ್ಕ ಸರಳ. ಜಲವರ್ಣಕ್ಕೆ ಅಂತ ಎಷ್ಟು ದುಡ್ಡು ಇಟ್ಟಿದ್ದೀರೋ ಅದರಲ್ಲಿ ಅರ್ಧ ಕಾಗದಕ್ಕೆ, ಕಾಲು ಭಾಗ ಬ್ರಷ್ಷಿಗೆ, ಉಳಿದ ಕಾಲು ಭಾಗ ಬಣ್ಣಕ್ಕೆ. ಎಲ್ಲರೂ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಒಳ್ಳೆಯ ಕಾಗದದ ಮೇಲೆ ಸಾಧಾರಣ ಬಣ್ಣ ಚೆನ್ನಾಗಿಯೇ ಕೂರುತ್ತದೆ. ಕೆಟ್ಟ ಕಾಗದದ ಮೇಲೆ ಎಂಥ ದುಬಾರಿ ಬಣ್ಣವೂ ಕೂರುವುದಿಲ್ಲ.

ಬಣ್ಣದ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಎರಡು ದರ್ಜೆ ಸಿಗುತ್ತವೆ. 'ಸ್ಟೂಡೆಂಟ್' ದರ್ಜೆಯಲ್ಲಿ ಪಿಗ್ಮೆಂಟ್ ಕಡಿಮೆ, ತುಂಬುವ ಪುಡಿ ಜಾಸ್ತಿ. ಪಿಗ್ಮೆಂಟ್ ಅಂದರೆ ಬಣ್ಣ ಕೊಡುವ ಅಸಲು ಪುಡಿ. 'ಆರ್ಟಿಸ್ಟ್' ದರ್ಜೆಯಲ್ಲಿ ಪಿಗ್ಮೆಂಟ್ ಜಾಸ್ತಿ, ಬೆಲೆಯೂ ಜಾಸ್ತಿ. ಮೊದಲ ಆರು ತಿಂಗಳಿಗೆ ಸ್ಟೂಡೆಂಟ್ ದರ್ಜೆ ಸಾಕು, ಆದರೆ ಹೆಸರಿರುವ ಕಂಪನಿಯದ್ದಾಗಿರಲಿ. ಅತಿ ದುಬಾರಿ ಸಾಮಾನಿಗೆ ಇನ್ನೊಂದು ಅಪಾಯವೂ ಇದೆ: ಮುಟ್ಟೋಕೇ ಭಯವಾಗುತ್ತದೆ. ಹಾಳಾದರೆ ಅಂತ ಕಾಗದವನ್ನು ಬೀರುವಿನಲ್ಲಿ ಸೀರೆಯ ಹಾಗೆ ಜೋಡಿಸಿಟ್ಟವರನ್ನು ನಾನು ನೋಡಿದ್ದೇನೆ. ಹತ್ತು ಹಾಳೆ ಹಾಳುಮಾಡಲು ನಿಮಗೆ ಧೈರ್ಯ ಬರುವಷ್ಟು ಬೆಲೆಯದ್ದನ್ನು ಕೊಳ್ಳಿ.

3. ಕಾಗದ: ಇಲ್ಲಿ ಅವಸರ ಬೇಡ

ಪ್ಯಾಡಿನ ಮೇಲೆ ಮೊದಲು ನೋಡಬೇಕಾದ್ದು ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಜೆರಾಕ್ಸ್ ಅಂಗಡಿಯ ಹಾಳೆ 70ರಿಂದ 80 ಜಿಎಸ್‌ಎಂ ಇರುತ್ತದೆ. ಒಂದು ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂನ ಎ4 ಹಾಳೆ ಸರಿಯಾಗಿ 5 ಗ್ರಾಂ. 300 ಜಿಎಸ್‌ಎಂನದ್ದು ಹತ್ತಿರ ಹತ್ತಿರ 19 ಗ್ರಾಂ. ಎರಡನ್ನೂ ಕೈಯಲ್ಲಿ ಹಿಡಿದರೆ ಗೊತ್ತಾಗಿಬಿಡುತ್ತದೆ. ಒಂದು ಬಾಗುತ್ತದೆ, ಇನ್ನೊಂದು ರಟ್ಟಿನ ಹಾಗೆ ನಿಲ್ಲುತ್ತದೆ.

ಪೆನ್ಸಿಲ್ ಅಭ್ಯಾಸಕ್ಕೆ 100ರಿಂದ 150 ಜಿಎಸ್‌ಎಂ ಕಾರ್ಟ್ರಿಜ್ ಕಾಗದ ಸಾಕು. ಸ್ವಲ್ಪ ಒರಟಾಗಿರುವ, ಅಚ್ಚ ಬಿಳಿಯಲ್ಲದ ಡ್ರಾಯಿಂಗ್ ಕಾಗದಕ್ಕೆ ಕಾರ್ಟ್ರಿಜ್ ಅನ್ನುತ್ತಾರೆ. ಮೈ ನುಣ್ಣಗಿರುವ ಐವರಿ ಶೀಟ್ ಬೇಡ. ಪೆನ್ಸಿಲ್ ಜಾರುತ್ತದೆ, ಗಾಢವಾದ ನೆರಳು ಹತ್ತುವುದಿಲ್ಲ. ಇದ್ದಿಲಿಗಂತೂ ಒರಟು ಮೈ ಇರಲೇಬೇಕು. ಸುಮ್ನೆ ಗೀಚಲು, ಕೈ ಬಿಸಿ ಮಾಡಿಕೊಳ್ಳಲು ಮನೆಯಲ್ಲಿರುವ ಒಂದು ಬದಿ ಖಾಲಿ ಹಾಳೆಗಳೇ ಸಾಕು.

ಜಲವರ್ಣಕ್ಕೆ ಮಾತ್ರ 300 ಜಿಎಸ್‌ಎಂಗಿಂತ ಕೆಳಗೆ ಇಳಿಯಬೇಡಿ. ಯಾಕೆ ಅಂತ ಒಂದು ಸಲ ಮಾಡಿ ನೋಡಿ. ಡ್ರಾಯಿಂಗ್ ಬುಕ್ಕಿನ ತೆಳು ಹಾಳೆ ತೆಗೆದುಕೊಂಡು ದೊಡ್ಡ ಬ್ರಷ್ಷಿನಲ್ಲಿ ತುಂಬಾ ನೀರಿರುವ ನೀಲಿ ಬಳಿಯಿರಿ, ಆಕಾಶ ಬರೆಯುವ ಹಾಗೆ. ಒಂದು ನಿಮಿಷವೂ ಆಗುವುದಿಲ್ಲ, ಹಾಳೆ ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಏಳುತ್ತದೆ. ಉಬ್ಬಿದ ಕಡೆಯಿಂದ ನೀರು ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಬಣ್ಣವೂ ಅಲ್ಲೇ ನಿಲ್ಲುತ್ತದೆ. ಒಣಗಿದ ಮೇಲೆ ನಿಮ್ಮ ಆಕಾಶದಲ್ಲಿ ಪಟ್ಟೆ ಪಟ್ಟೆ. ಸರಿಮಾಡೋಣ ಅಂತ ಇನ್ನೊಂದು ಸಲ ಬ್ರಷ್ ಎಳೆದರೆ ಕಾಗದದ ಮೈ ಕಿತ್ತು ಹಳೆ ಸ್ವೆಟರಿನ ಹಾಗೆ ಸಣ್ಣ ಸಣ್ಣ ಉಂಡೆ ಏಳುತ್ತವೆ. ಇದನ್ನು ನೋಡಿ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ.

ಎರಡನೆಯದು, ಕಾಗದ ಯಾವುದರಿಂದ ಮಾಡಿದ್ದು. 'ಸೆಲ್ಯುಲೋಸ್' ಅಂದಿದ್ದರೆ ಮರದ ತಿರುಳಿನದ್ದು. '100% ಕಾಟನ್' ಅಂದಿದ್ದರೆ ಹತ್ತಿಯದ್ದು. ಹತ್ತಿಯ ಕಾಗದ ನೀರನ್ನು ಜಾಸ್ತಿ ಹೊತ್ತು ಹಿಡಿದಿಡುತ್ತದೆ. ಬಣ್ಣ ಮೆತ್ತಗೆ ಹರಡುತ್ತದೆ, ಒಂದರ ಮೇಲೊಂದು ಪದರ ಹಾಕಬಹುದು. ಆದರೆ ಬೆಲೆ ಕೇಳಿದರೆ ಗಾಬರಿ ಆಗಬೇಕು. ಫ್ರಾನ್ಸಿನ ಆರ್ಶ್, ಇಟಲಿಯ ಫಾಬ್ರಿಯಾನೊ ಈ ವಿಷಯದಲ್ಲಿ ಹಳೆಯ ಹೆಸರುಗಳು. ಫಾಬ್ರಿಯಾನೊ ಊರಿನಲ್ಲಿ 13ನೇ ಶತಮಾನದಿಂದಲೂ ಕಾಗದ ಮಾಡುತ್ತಿದ್ದಾರೆ. ನಮ್ಮಲ್ಲೂ ಬ್ರುಸ್ಟ್ರೊದಂಥ ದೇಶಿ ಬ್ರ್ಯಾಂಡುಗಳು ಎರಡೂ ಬಗೆಯ ಕಾಗದ ಮಾರುತ್ತವೆ. ನನ್ನ ಸಲಹೆ ಇಷ್ಟು: ದಿನದ ಅಭ್ಯಾಸಕ್ಕೆ ಸೆಲ್ಯುಲೋಸ್ ಪ್ಯಾಡ್ ಒಂದು, ಜೊತೆಗೆ ಹತ್ತಿಯ ಕಾಗದ ಒಂದೇ ಒಂದು ಹಾಳೆ. ಅದೇ ಚಿತ್ರವನ್ನು ಎರಡರ ಮೇಲೂ ಮಾಡಿ. ವ್ಯತ್ಯಾಸ ಒಮ್ಮೆ ಕೈಗೆ ಗೊತ್ತಾದರೆ ಮುಂದೆ ಯಾವುದು ಯಾವಾಗ ಬೇಕು ಅಂತ ನೀವೇ ಹೇಳುತ್ತೀರಿ.

ಮೂರನೆಯದು ಮೈ. 'ಹಾಟ್ ಪ್ರೆಸ್ಡ್' ಅಂದರೆ ನುಣುಪು, 'ಕೋಲ್ಡ್ ಪ್ರೆಸ್ಡ್' ಅಂದರೆ ನಡುಮಟ್ಟದ ತರಿ, 'ರಫ್' ಅಂದರೆ ಪೂರ್ತಿ ಒರಟು. ಕಲಿಯುವವರಿಗೆ ಕೋಲ್ಡ್ ಪ್ರೆಸ್ಡ್. ಬೇರೆ ಯೋಚನೆ ಬೇಡ.

ಉಳಿತಾಯದ ಒಂದು ದಾರಿ ಇದೆ. ಒಳ್ಳೆಯ ಜಲವರ್ಣದ ಕಾಗದ 22×30 ಇಂಚಿನ ಇಡೀ ಹಾಳೆಯಾಗಿಯೂ ಸಿಗುತ್ತದೆ. ಅದನ್ನು ನಾಲ್ಕು ಮಾಡಿದರೆ 11×15 ಇಂಚಿನ ನಾಲ್ಕು ತುಂಡು, ಎಂಟು ಮಾಡಿದರೆ ಅಭ್ಯಾಸಕ್ಕೆ ಬೇಕಾದಷ್ಟು. ಪ್ಯಾಡಿಗಿಂತ ಇದು ಬಹಳ ಸಲ ಅಗ್ಗ ಬೀಳುತ್ತದೆ. ಅಂಗಡಿಯವರು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಡಲು ಬರುತ್ತಾರೆ. ಬೇಡ ಅನ್ನಿ. ಅಲ್ಲೇ ಕತ್ತರಿಸಿಕೊಡಿ ಅಂತ ಕೇಳಿ, ಇಲ್ಲವಾದರೆ ಎರಡು ರಟ್ಟಿನ ನಡುವೆ ಇಟ್ಟುಕೊಂಡು ಬನ್ನಿ.

ಕೊಂಡ ಕಾಗದ ಸರಿ ಇದೆಯೋ ನೋಡಲು ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಸ್ವಲ್ಪ ಹೊತ್ತು ನಿಂತರೆ ಒಳ್ಳೆಯದು. ಬಿದ್ದ ತಕ್ಷಣ ಒಳಗಿಳಿದು ಕಪ್ಪು ಕಲೆಯಾದರೆ ಆ ಕಾಗದಕ್ಕೆ ಸೈಜಿಂಗ್ ಇಲ್ಲ. ನೀರನ್ನು ತಕ್ಷಣ ಹೀರದಂತೆ ಕಾಗದಕ್ಕೆ ಕೊಟ್ಟಿರುವ ಅಂಟಿನ ಲೇಪವೇ ಸೈಜಿಂಗ್.

4. ಪೆನ್ಸಿಲ್ ಮತ್ತು ರಬ್ಬರ್

ಪೆನ್ಸಿಲ್ ಮೇಲೆ 'ಎಚ್' ಅಂತಿದ್ದರೆ ಗಟ್ಟಿ, 'ಬಿ' ಅಂತಿದ್ದರೆ ಮೆದು ಮತ್ತು ಕಪ್ಪು. ಪಕ್ಕದ ಅಂಕಿ ಹೆಚ್ಚಿದಷ್ಟೂ ಆ ಗುಣ ಹೆಚ್ಚು. ನಾವು 'ಸೀಸದ ಕಡ್ಡಿ' ಅಂತ ಕರೆದರೂ ಒಳಗೆ ಸೀಸ ಇಲ್ಲ. ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನ ಜೊತೆ ಕಲಸಿ ಸುಟ್ಟು ಮಾಡುವ ಕಡ್ಡಿ ಅದು. 1795ರಲ್ಲಿ ಫ್ರಾನ್ಸಿನ ಕೊಂಟೆ ಅನ್ನುವವರು ಪೇಟೆಂಟ್ ಪಡೆದ ವಿಧಾನ. ಮಣ್ಣು ಜಾಸ್ತಿಯಾದರೆ ಗಟ್ಟಿ, ಗ್ರಾಫೈಟ್ ಜಾಸ್ತಿಯಾದರೆ ಕಪ್ಪು.

ಎಚ್‌ಬಿ, 2ಬಿ, 4ಬಿ, 6ಬಿ. ನಾಲ್ಕೇ ಸಾಕು. ಅಪ್ಸರಾ, ಕ್ಯಾಮ್ಲಿನ್, ಡಾಮ್ಸ್, ಯಾವುದಾದರೂ ಸರಿ. ಬಿಡಿಯಾಗಿ ಕೊಡುವ ಅಂಗಡಿ ಸಿಕ್ಕರೆ 2ಬಿ ಎರಡು ತನ್ನಿ. ಬೇಗ ಸವೆಯುವುದು ಅದೇ. ಕೆಳಗೆ ಬಿದ್ದ ಮೆದು ಪೆನ್ಸಿಲ್ ಹೊರಗಿನಿಂದ ಸರಿಯಾಗಿಯೇ ಕಂಡರೂ ಒಳಗೆ ಕಡ್ಡಿ ತುಂಡು ತುಂಡಾಗಿರುತ್ತದೆ. ಹೆರೆದಷ್ಟೂ ಮುರಿಯುತ್ತಲೇ ಇರುತ್ತದೆ. ಮೊನೆ ಉದ್ದ ಬೇಕಾದಾಗ ಶಾರ್ಪನರ್ ಬದಲು ಕಟರ್ ಬಳಸುವುದನ್ನು ಟೀಚರ್ ಹೇಳಿಕೊಡುತ್ತಾರೆ, ಅದಕ್ಕೊಂದು ಸಣ್ಣ ಕಟರ್ ಇರಲಿ.

ರಬ್ಬರ್ ಎರಡು ಬಗೆ ಬೇಕು. ಒಂದು ಮಾಮೂಲಿ ಬಿಳಿ ರಬ್ಬರ್. ಇನ್ನೊಂದು 'ನೀಡೆಡ್ ಇರೇಸರ್', ಅಂದರೆ ಚಪಾತಿ ಹಿಟ್ಟಿನ ಹಾಗೆ ನಾದಬಹುದಾದ ಬೂದು ಬಣ್ಣದ ಮುದ್ದೆ. ಅದರಿಂದ ಉಜ್ಜುವುದಲ್ಲ, ಒತ್ತಿ ಎತ್ತುವುದು. ಕಪ್ಪಾದ ಕಡೆ ಒತ್ತಿದರೆ ಗ್ರಾಫೈಟನ್ನು ತಾನು ಹತ್ತಿಸಿಕೊಂಡು ಬರುತ್ತದೆ, ಕಾಗದದ ಮೈ ಕೆಡುವುದಿಲ್ಲ. ಮೂಗಿನ ತುದಿಯ ಹೊಳಪು, ಹಿತ್ತಾಳೆ ಚೊಂಬಿನ ಮೇಲಿನ ಬೆಳಕು ತೆಗೆಯಲು ಇದಕ್ಕಿಂತ ಒಳ್ಳೆಯದಿಲ್ಲ.

ಇದ್ದಿಲು ಕೇಳಿದರೆ ತೆಳ್ಳನೆಯ ಕಡ್ಡಿಯ ಇದ್ದಿಲು ತನ್ನಿ. ಒತ್ತಿ ಮಾಡಿದ 'ಕಂಪ್ರೆಸ್ಡ್' ಇದ್ದಿಲು ಜಾಸ್ತಿ ಕಪ್ಪು, ಅಳಿಸಲು ಕಷ್ಟ. ಅದು ಆಮೇಲೆ.

5. ಬ್ರಷ್: ಮೂರೇ ಮೂರು

ಜಲವರ್ಣಕ್ಕೆ ದುಂಡು ತಲೆಯ (ರೌಂಡ್) ಬ್ರಷ್ 6 ಮತ್ತು 10 ನಂಬರ್, ಒಂದು ಇಂಚಿನ ಚಪ್ಪಟೆ (ಫ್ಲ್ಯಾಟ್) ಬ್ರಷ್ ಒಂದು. ಮುಗಿಯಿತು. ಹೊಸಬರು 0, 1, 2 ನಂಬರಿನ ಇರುವೆ ಮೀಸೆಯಂಥ ಬ್ರಷ್ಷುಗಳನ್ನೇ ಆರಿಸುತ್ತಾರೆ, ಸೂಕ್ಷ್ಮ ಕೆಲಸಕ್ಕೆ ಅಂತ. ಒಳ್ಳೆಯ 10 ನಂಬರ್ ಬ್ರಷ್ಷಿನ ತುದಿಯಲ್ಲೇ ತೆಂಗಿನ ಗರಿಯ ಒಂದೊಂದು ಎಳೆಯನ್ನೂ ಎಳೆಯಬಹುದು. ಒಂದು ಎಚ್ಚರ: ಒಂದು ಕಂಪನಿಯ 10 ಇನ್ನೊಂದು ಕಂಪನಿಯ 8ರಷ್ಟೇ ಇರಬಹುದು. ನಂಬರ್ ನೋಡಿ ಆನ್‌ಲೈನಿನಲ್ಲಿ ಕೊಳ್ಳುವುದಕ್ಕಿಂತ ಕೈಯಲ್ಲಿ ಹಿಡಿದು ನೋಡುವುದು ಮೇಲು.

ಅಂಗಡಿಯಲ್ಲಿ ಹೊಸ ಬ್ರಷ್ಷಿನ ತುದಿ ಸೂಜಿಯ ಹಾಗೆ ನಿಂತಿರುತ್ತದೆ. ಅದನ್ನು ನಂಬಬೇಡಿ. ಸಾಗಿಸುವಾಗ ಕೂದಲು ಕೆದರದಿರಲಿ ಅಂತ ಅಂಟು ಹಾಕಿರುತ್ತಾರೆ. ಒಂದು ಲೋಟ ನೀರು ಕೇಳಿ. ಬೇಸರ ಮಾಡಿಕೊಳ್ಳುವ ಅಂಗಡಿಯಾದರೆ ನಿಮ್ಮ ಬಾಟಲಿಯ ಮುಚ್ಚಳದಲ್ಲೇ ನೀರು ಹಾಕಿಕೊಳ್ಳಿ. ಬ್ರಷ್ಷನ್ನು ಅದ್ದಿ ಅಂಟು ಬಿಡಿಸಿ. ಈಗ ಮಣಿಕಟ್ಟಿನಿಂದ ಒಂದು ಸಲ ಜೋರಾಗಿ ಕೊಡವಿ. ಕೂದಲೆಲ್ಲ ತಾನಾಗಿಯೇ ಒಂದು ಮೊನೆಗೆ ಬಂದು ಸೇರಿದರೆ ತೆಗೆದುಕೊಳ್ಳಿ. ಎರಡು ಕವಲಾದರೆ, ಪೊರಕೆಯ ಹಾಗೆ ಹರಡಿದರೆ ವಾಪಸ್ ಇಡಿ. ಆಮೇಲೆ ಬೆರಳಿನ ಮೇಲೆ ಒತ್ತಿ ಬಿಡಿ. ಬಾಗಿದ ಕೂದಲು ಎದ್ದು ನಿಲ್ಲಬೇಕು. ಕೂದಲನ್ನು ಹಿಡಿದಿರುವ ಲೋಹದ ಕೊಳವೆ ಮರದ ಹಿಡಿಯ ಮೇಲೆ ಅಲುಗಾಡಬಾರದು. ಒಂದೇ ಕಂಪನಿಯ ಒಂದೇ ನಂಬರಿನ ಐದು ಬ್ರಷ್ಷಿನಲ್ಲಿ ಎರಡು ಮಾತ್ರ ಪಾಸಾಗುವುದೂ ಉಂಟು.

ಕೂದಲು ಸಿಂಥೆಟಿಕ್ ಆಗಿರಲಿ. ಈಗಿನ ಸಿಂಥೆಟಿಕ್ ಬ್ರಷ್ಷುಗಳು ಕಲಿಯುವವರಿಗೆ ಏನೂ ಕಡಿಮೆಯಿಲ್ಲ. ಯಾರಾದರೂ 'ಅಸಲಿ ಕೂದಲು, ಬಹಳ ಬಾಳಿಕೆ' ಅಂತ ಕಂದು ಬಣ್ಣದ, ಒಂದೊಂದು ಕೂದಲಿನಲ್ಲೂ ತಿಳಿ-ಗಾಢ ಪಟ್ಟೆ ಇರುವ ಬ್ರಷ್ಷನ್ನು ಕೆಳಗಿನ ಡ್ರಾಯರಿನಿಂದ ತೆಗೆದು ತೋರಿಸಿದರೆ ಕೈಮುಗಿದು ಬನ್ನಿ. ಅದು ಮುಂಗುಸಿಯ ಕೂದಲಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮಾರುವುದು ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ. ಒಂದು ಮುಂಗುಸಿಯಿಂದ ಸಿಗುವ ಬ್ರಷ್ಷಿಗಾಗುವ ಕೂದಲು ಬೊಗಸೆಯಷ್ಟೂ ಇಲ್ಲ.

ಬ್ರಷ್ಷನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಕಾಫಿಗೆ ಎದ್ದು ಹೋಗಬೇಡಿ. ಬಂದು ನೋಡುವಷ್ಟರಲ್ಲಿ ತುದಿ ಬಾಗಿರುತ್ತದೆ. ನೀರು ಕೊಳವೆಯೊಳಗೆ ಹೋಗಿ ಮರ ಉಬ್ಬುತ್ತದೆ, ಹಿಡಿಯ ಬಣ್ಣ ಏಳುತ್ತದೆ. ಕೆಲಸ ಮುಗಿದ ಮೇಲೆ ಮೈ ಸೋಪಿನಲ್ಲಿ ತೊಳೆದು ಬೆರಳಿನಿಂದ ಮೊನೆ ಮಾಡಿ, ಮಲಗಿಸಿ ಒಣಗಿಸಿ.

6. ಜಲವರ್ಣ: ಟ್ಯೂಬಿನ ಹಿಂಬದಿ ಓದಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಶಾಲೆಯಲ್ಲಿ ಬಳಸಿದ ಪೋಸ್ಟರ್ ಕಲರ್ ಜಲವರ್ಣವಲ್ಲ. ಪೋಸ್ಟರ್ ಕಲರ್ ಕಾಗದವನ್ನು ಮುಚ್ಚುತ್ತದೆ, ಜಲವರ್ಣದೊಳಗಿಂದ ಕಾಗದದ ಬಿಳುಪು ಕಾಣುತ್ತದೆ. ಎರಡಕ್ಕೂ ನೀರೇ ಬೇಕು ಅನ್ನುವುದನ್ನು ಬಿಟ್ಟರೆ ಕೆಲಸ ಮಾಡುವ ರೀತಿಯೇ ಬೇರೆ.

ಟ್ಯೂಬೋ, ಕೇಕೋ? ಕೇಕ್ ಅಥವಾ ಪ್ಯಾನ್ ಅಂದರೆ ಒಣಗಿಸಿದ ಬಣ್ಣದ ಬಿಲ್ಲೆ. ಹೊತ್ತುಕೊಂಡು ಓಡಾಡಲು ಸುಲಭ. ದೊಡ್ಡ ಜಾಗಕ್ಕೆ ಬಣ್ಣ ಕಲಸಲು ಟ್ಯೂಬ್ ಸುಲಭ. ನಾನು 5 ಎಂಎಲ್‌ನ ಸಣ್ಣ ಟ್ಯೂಬುಗಳನ್ನೇ ಹೇಳುವುದು, ಅದೂ ಬಿಡಿಯಾಗಿ:

ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಸ್ಕಾರ್ಲೆಟ್ ಅಥವಾ ವರ್ಮಿಲಿಯನ್ ಹ್ಯೂ, ಕ್ರಿಮ್ಸನ್ ಅಥವಾ ರೋಸ್, ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಅಥವಾ ಪ್ರಷ್ಯನ್ ಬ್ಲೂ, ಬರ್ಂಟ್ ಸಿಯೆನಾ.

ಏಳು ಬಣ್ಣ. ಹಸಿರು ಇಲ್ಲವಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಾಟಿ ಮಾಡಿದ ಗದ್ದೆಯ ಎಳೆ ಹಸಿರಿಗೆ ಲೆಮನ್ ಯೆಲ್ಲೋ ಜೊತೆ ಚೂರು ಥ್ಯಾಲೋ. ಹಲಸಿನ ಎಲೆಯ ಗಟ್ಟಿ ಹಸಿರಿಗೆ ಅಲ್ಟ್ರಾಮರೀನ್ ಜೊತೆ ಯೆಲ್ಲೋ ಓಕರ್. ಡಬ್ಬಿಯಲ್ಲಿ ಬರುವ ರೆಡಿ ಹಸಿರು ಪ್ಲಾಸ್ಟಿಕ್ ಗಿಡದ ಬಣ್ಣ, ನಮ್ಮ ಕಡೆಯ ಮರಕ್ಕೆ ಹೊಂದುವುದೇ ಇಲ್ಲ. ಹೆಂಚಿನ ಮನೆಯ ಮಾಡಿಗೆ ಬರ್ಂಟ್ ಸಿಯೆನಾ, ಬಿಸಿಲು ಬಿದ್ದ ಕಡೆ ತುಸು ಸ್ಕಾರ್ಲೆಟ್. ಕಪ್ಪೂ ಬೇಡ. ಬರ್ಂಟ್ ಸಿಯೆನಾ ಮತ್ತು ಅಲ್ಟ್ರಾಮರೀನ್ ಗಟ್ಟಿಯಾಗಿ ಕಲಸಿದರೆ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ, ನೀರು ಜಾಸ್ತಿ ಮಾಡಿದರೆ ಮಳೆಮೋಡದ ಬೂದು. ಬಿಳಿಗೆ ಕಾಗದವೇ ಇದೆಯಲ್ಲ.

ಈಗ ಟ್ಯೂಬನ್ನು ತಿರುಗಿಸಿ. ಒಳ್ಳೆಯ ಕಂಪನಿಗಳು ಪಿಗ್ಮೆಂಟಿನ ಸಂಕೇತ ಬರೆದಿರುತ್ತವೆ. 'ಪಿಬಿ 29' ಅಂತಿದ್ದರೆ ಅಲ್ಟ್ರಾಮರೀನ್. 'ಪಿ' ಅಂದರೆ ಪಿಗ್ಮೆಂಟ್, 'ಬಿ' ಅಂದರೆ ಬ್ಲೂ. ಹಾಗೆಯೇ 'ಪಿವೈ' ಹಳದಿ, 'ಪಿಆರ್' ಕೆಂಪು. ಕಂಪನಿ ಏನೇ ಹೆಸರಿಟ್ಟರೂ ಒಳಗಿರುವುದೇನು ಅಂತ ಈ ಸಂಕೇತ ಹೇಳುತ್ತದೆ. ಒಂದೇ ಸಂಕೇತ ಇದ್ದರೆ ಒಂದೇ ಪಿಗ್ಮೆಂಟ್, ಕಲಸಿದಾಗ ಬಣ್ಣ ಶುಚಿಯಾಗಿ ಬರುತ್ತದೆ. ಮೂರು ಮೂರು ಸಂಕೇತ ಇರುವ ಬಣ್ಣಗಳನ್ನು ಒಂದಕ್ಕೊಂದು ಕಲಸಿದರೆ ಕೆಸರು ನೀರು. 'ಹ್ಯೂ' ಅಂದರೆ ಮೂಲ ಪಿಗ್ಮೆಂಟಿನ ಬದಲು ಅದರಂತೆ ಕಾಣುವ ಬೇರೆಯದನ್ನು ಹಾಕಿದ್ದಾರೆ ಅಂತ. ಅದು ಮೋಸವಲ್ಲ. ಕ್ಯಾಡ್ಮಿಯಂನಂಥ ವಿಷದ ಪಿಗ್ಮೆಂಟಿಗೆ ಹ್ಯೂ ಒಳ್ಳೆಯ ಬದಲಿ. ಇನ್ನು 'ಲೈಟ್‌ಫಾಸ್ಟ್', ಅಂದರೆ ಬೆಳಕಿಗೆ ಬಣ್ಣ ಮಾಸದೇ ಉಳಿಯುವ ಗುಣ. ಚಿತ್ರವನ್ನು ಯಾರಿಗಾದರೂ ಕೊಡುವ ಯೋಚನೆ ಇದ್ದರೆ ಇದು ಚೆನ್ನಾಗಿರುವುದನ್ನೇ ಆರಿಸಿ. ಹಳೆಯ ಬಗೆಯ ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ಬೆಳಕಿಗೆ ಮಾಸುತ್ತದೆ, ಅದರ ಬದಲು ಪಿವಿ 19 ಇರುವ ರೋಸ್ ತೆಗೆದುಕೊಳ್ಳಿ.

ಬ್ರಷ್ಷಿನ ಮೊನೆಯನ್ನು ಬಾಯಿಂದ ಸರಿಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

7. ಅಕ್ರಿಲಿಕ್, ಎಣ್ಣೆ ಬಣ್ಣ

ಅಕ್ರಿಲಿಕ್ ನೀರಿನಲ್ಲಿ ಕರಗುತ್ತದೆ, ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಪೊರೆ. ಮತ್ತೆ ನೀರು ಹಾಕಿದರೆ ಕರಗದು. ಬ್ರಷ್ಷಿನಲ್ಲೇ ಒಣಗಿದರೆ ಆ ಬ್ರಷ್ಷಿನ ಕಥೆ ಮುಗಿಯಿತು. ಅದಕ್ಕೆ ಜಲವರ್ಣದ ಬ್ರಷ್ಷನ್ನು ಅಕ್ರಿಲಿಕ್‌ಗೆ ಮುಟ್ಟಿಸಬೇಡಿ. ಗಟ್ಟಿ ಕೂದಲಿನ ಅಗ್ಗದ ಸಿಂಥೆಟಿಕ್ ಫ್ಲ್ಯಾಟ್ ಎರಡು, ರೌಂಡ್ ಒಂದು ಬೇರೆ ತನ್ನಿ.

ಇಲ್ಲಿ ಬಿಳಿ ಬೇಕು, ಎಲ್ಲಕ್ಕಿಂತ ಜಾಸ್ತಿ ಬೇಕು. ಬೇರೆ ಬಣ್ಣ ಸಣ್ಣ ಟ್ಯೂಬ್ ಕೊಂಡರೂ ಟೈಟಾನಿಯಂ ವೈಟ್ ದೊಡ್ಡದೇ ಇರಲಿ. ಅಂಗಡಿಯವರು ಅಕ್ರಿಲಿಕ್ ಬದಲು ಬಟ್ಟೆಗೆ ಹಾಕುವ ಫ್ಯಾಬ್ರಿಕ್ ಕಲರ್ ಕೊಟ್ಟಾರು, ಡಬ್ಬಿಯ ಮೇಲೆ ಓದಿಕೊಳ್ಳಿ. ಕ್ಯಾನ್ವಾಸ್ ಅಂತ ಶುರುವಿನಲ್ಲೇ ಚೌಕಟ್ಟಿಗೆ ಬಿಗಿದದ್ದು ಬೇಡ. ರಟ್ಟಿಗೆ ಅಂಟಿಸಿದ ಕ್ಯಾನ್ವಾಸ್ ಬೋರ್ಡು 10×12 ಇಂಚಿನದ್ದು ಸಾಕು. ಅಭ್ಯಾಸಕ್ಕೆ 300 ಜಿಎಸ್‌ಎಂ ಕಾಗದವೂ ನಡೆಯುತ್ತದೆ.

ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಫ್ಯಾನ್ ಕೆಳಗೆ ಕೂತರೆ ಪ್ಯಾಲೆಟ್ಟಿನ (ಬಣ್ಣ ಕಲಸುವ ತಟ್ಟೆಯ) ಮೇಲಿನ ಅಕ್ರಿಲಿಕ್ ನೋಡನೋಡುತ್ತಲೇ ಒಣಗುತ್ತದೆ. ಮುಚ್ಚಳ ಇರುವ ಅಗಲವಾದ ಟಿಫನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬೇಕಿಂಗ್ ಪೇಪರ್ ಇಟ್ಟು, ಬಣ್ಣವನ್ನು ಅದರ ಮೇಲೆ ಹಿಂಡಿ. ಮುಚ್ಚಿಟ್ಟರೆ ಮಾರನೆಯ ದಿನವೂ ಹಸಿಯಾಗಿಯೇ ಇರುತ್ತದೆ. ಇನ್ನೊಂದು ವಿಷಯ: ಅಕ್ರಿಲಿಕ್ ಒಣಗಿದಾಗ ತುಸು ಗಾಢವಾಗುತ್ತದೆ, ಜಲವರ್ಣ ತುಸು ತಿಳಿಯಾಗುತ್ತದೆ. ಮೊದಮೊದಲು ಎರಡರಲ್ಲೂ ಅಂದಾಜು ತಪ್ಪುತ್ತದೆ.

ತೈಲವರ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಟೀಚರ್ ಎದುರಲ್ಲೇ ಶುರುಮಾಡುವುದು ಒಳ್ಳೆಯದು. ಎಚ್ಚರಿಕೆ ಮಾತ್ರ ಹೇಳುತ್ತೇನೆ. ಕಿಟಕಿ ತೆರೆದಿರಲಿ. ಎಣ್ಣೆ ಬಣ್ಣ ತೆಳು ಮಾಡುವ ಟರ್ಪೆಂಟೈನ್ ಬದಲು ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ತರಬೇಡಿ, ಅದರ ಆವಿ ಕೆಟ್ಟದ್ದು. ಬಳಸಿದ ಟರ್ಪೆಂಟೈನನ್ನು ಸಿಂಕಿಗೆ ಸುರಿಯಬೇಡಿ. ಲಿನ್ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ಕಾವು ಏರಿ ಬೆಂಕಿ ಹತ್ತಬಹುದು. ನಂಬುವುದು ಕಷ್ಟ, ಆದರೆ ನಿಜ. ನೀರಿನಲ್ಲಿ ನೆನೆಸಿ ಮುಚ್ಚಳದ ಡಬ್ಬಿಗೆ ಹಾಕಿ. ಮತ್ತೆ, ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಹಚ್ಚಬಹುದು, ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಹಚ್ಚಬಾರದು. ಹಿಡಿಯುವುದಿಲ್ಲ.

8. ಇವನ್ನು ಕೊಳ್ಳಬೇಡಿ, ಮನೆಯಲ್ಲೇ ಇವೆ

ಪ್ಯಾಲೆಟ್ ಬದಲು ಬಿಳಿ ಪಿಂಗಾಣಿ ತಟ್ಟೆ. ಹೊಸ ಪ್ಲಾಸ್ಟಿಕ್ ಪ್ಯಾಲೆಟ್ಟಿನಲ್ಲಿ ಜಲವರ್ಣ ಹನಿ ಹನಿಯಾಗಿ ಒಡೆದು ನಿಲ್ಲುತ್ತದೆ, ಪಿಂಗಾಣಿಯಲ್ಲಿ ನೀಟಾಗಿ ಹರಡುತ್ತದೆ. ನೀರಿಗೆ ಎರಡು ಉಪ್ಪಿನಕಾಯಿ ಬಾಟಲಿ, ಒಂದು ತೊಳೆಯಲು, ಒಂದು ಶುದ್ಧ ನೀರಿಗೆ. ಒರೆಸಲು ಹಳೆಯ ಹತ್ತಿ ಪಂಚೆ ಅಥವಾ ಬನಿಯನ್ನು, ಟಿಶ್ಯೂಗಿಂತ ವಾಸಿ. ಬೋರ್ಡಿಗೆ ಪರೀಕ್ಷೆಗೆ ಒಯ್ಯುತ್ತಿದ್ದ ಹಳೆಯ ರೈಟಿಂಗ್ ಪ್ಯಾಡೇ ಎ4ಗೆ ಸಾಕು. ಮಕ್ಕಳ ಹಳೆಯ ಪೆನ್ಸಿಲ್, ಸ್ಕೇಲು, ಕ್ಲಿಪ್ಪು ಹುಡುಕಿ. ಕೊಳ್ಳಬೇಕಾದ್ದು ಒಂದು ಸುರುಳಿ ಮಾಸ್ಕಿಂಗ್ ಟೇಪ್ ಮಾತ್ರ.

ನಲವತ್ತು ದಾಟಿದವರಿಗೆ ಒಂದು ಮಾತು. ಹತ್ತಿರದ ಕನ್ನಡಕ ಮರೆಯಬೇಡಿ. ಸಂಜೆ ತರಗತಿಯಾದರೆ ಹಳದಿ ಬಲ್ಬಿನ ಕೆಳಗೆ ಕೂರಬೇಡಿ, ಹಳದಿ ಬಣ್ಣವೇ ಕಾಣದೆ ಜಾಸ್ತಿ ಹಚ್ಚಿಬಿಡುತ್ತೀರಿ. ಬೆರಳಿನ ಗಂಟು ನೋವಿದ್ದರೆ ಪೆನ್ಸಿಲ್ಲಿಗೆ ಎರಡು ಸುತ್ತು ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ, ಹಿಡಿತ ಹಗುರವಾಗುತ್ತದೆ.

9. ಎಲ್ಲಿ ಕೊಳ್ಳುವುದು

ಬ್ರಷ್, ಕಾಗದ ಅಂಗಡಿಯಲ್ಲಿ. ಅದೇ ಟ್ಯೂಬು ಎರಡನೇ ಸಲ ಬೇಕಾದಾಗ ಆನ್‌ಲೈನಿನಲ್ಲಿ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಕಡೆ ಒಂದು ಸುತ್ತು ಹಾಕಿ. ಸಣ್ಣ ಊರುಗಳಲ್ಲಿ ಕಲಾ ಶಾಲೆಗಳ ಹತ್ತಿರದ ಅಂಗಡಿ ಕೇಳಿ ನೋಡಿ, ವಿದ್ಯಾರ್ಥಿಗಳು ಕೊಳ್ಳುವ ಕಡೆ ಸರಕು ಹಳತಾಗಿರುವುದಿಲ್ಲ. ಟ್ಯೂಬನ್ನು ಮೆಲ್ಲಗೆ ಒತ್ತಿ ನೋಡಿ. ಮೆತ್ತಗಿರಬೇಕು. ಗಟ್ಟಿಯಾಗಿದ್ದರೆ ವರ್ಷಗಟ್ಟಲೆ ಕಪಾಟಿನಲ್ಲಿ ಕೂತದ್ದು. ಆನ್‌ಲೈನಿನಲ್ಲಿ ನಂಬಲಾಗದಷ್ಟು ಅಗ್ಗದ ಹೆಸರಾಂತ ವಿದೇಶಿ ಬಣ್ಣ ಕಂಡರೆ ಮಾರುವವರು ಯಾರು ಅಂತ ಮೊದಲು ನೋಡಿ.

ಹತ್ತು ಜನ ಒಟ್ಟಿಗೆ ಸೇರಿದ ತರಗತಿಯಾದರೆ ಇಡೀ ಹಾಳೆಗಳನ್ನು ಒಟ್ಟಿಗೆ ತರಿಸಿ ಹಂಚಿಕೊಳ್ಳಿ.

10. ಮಳೆಗಾಲದಲ್ಲಿ ಕಾಪಾಡುವುದು

ಮಲೆನಾಡು, ಕರಾವಳಿಯವರಿಗೆ ಇದು ಬೇರೆಯವರಿಗಿಂತ ಮುಖ್ಯ. ಜೂನ್ ಬಂತೆಂದರೆ ಕಾಗದಕ್ಕೆ ತೇವ ಹಿಡಿಯುತ್ತದೆ, ಸೈಜಿಂಗ್ ಕೆಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಬಣ್ಣ ಹಾಕಿದಾಗ ಮಾತ್ರ ಅಲ್ಲಲ್ಲಿ ಗಾಢ ಚುಕ್ಕೆಗಳಾಗಿ ಹೀರಿಕೊಳ್ಳುತ್ತದೆ. ಕಾಗದವನ್ನು ಜಿಪ್ ಕವರಿನಲ್ಲಿ ಹಾಕಿ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಡಿ. ಗೋಡೆಗೆ ತಾಗಿದ ಬೀರುವಿನ ಕೆಳಗಿನ ಅರೆ ಬೇಡ. ಬಣ್ಣದ ಬಿಲ್ಲೆಗಳ ಡಬ್ಬಿಯನ್ನು ಒದ್ದೆಯಿರುವಾಗ ಮುಚ್ಚಿದರೆ ಎರಡೇ ವಾರದಲ್ಲಿ ಬೂಸ್ಟು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಮುಚ್ಚಿ.

ಟ್ಯೂಬಿನ ಮುಚ್ಚಳ ಅಂಟಿಕೊಂಡರೆ ಇಕ್ಕಳದಿಂದ ತಿರುಚಬೇಡಿ, ಟ್ಯೂಬೇ ಹರಿಯುತ್ತದೆ. ಮುಚ್ಚಳದ ತುದಿಯನ್ನಷ್ಟೇ ಬಿಸಿನೀರಿನಲ್ಲಿ ಅರ್ಧ ನಿಮಿಷ ಹಿಡಿದು ಬಟ್ಟೆ ಸುತ್ತಿ ತಿರುಗಿಸಿ. ಒಳಗೆ ಬಣ್ಣ ಕಲ್ಲಾಗಿದ್ದರೂ ಎಲ್ಲವನ್ನೂ ಬಿಸಾಡಬೇಕಿಲ್ಲ. ಅಕ್ರಿಲಿಕ್ ಆದರೆ ಕಸಕ್ಕೆ, ಜಲವರ್ಣವಾದರೆ ಬ್ಲೇಡಿನಿಂದ ಟ್ಯೂಬನ್ನು ಉದ್ದಕ್ಕೆ ಸೀಳಿ. ಒಳಗಿನ ಗಟ್ಟಿ ತುಂಡನ್ನು ಹಳೆಯ ಮಾತ್ರೆ ಡಬ್ಬಿಯ ಗುಳಿಗೆ ಹಾಕಿ ಎರಡು ಹನಿ ನೀರು ಬಿಟ್ಟರೆ ಅದೇ ಪ್ಯಾನ್. ಜಲವರ್ಣದ ಅಂಟು ಗೋಂದು, ನೀರು ಬಿದ್ದರೆ ಮತ್ತೆ ಕರಗುತ್ತದೆ. ನನ್ನ ಆ 43 ಟ್ಯೂಬುಗಳನ್ನು ಎಸೆದ ಮೇಲೆ ನನಗೆ ಇದು ಗೊತ್ತಾಗಿದ್ದು.